ಹೊಸ ವಾಲ್ವಿಗೆ ಹಳೆಯ ಅಳತೆ

"ಬುದ್ಧಿ, ನಾನು ಜಪಿಸಬೇಕಾದ ನಾಮ ಯಾವುದು?" ಎಂದು ಶಿಷ್ಯ ಗುರುಪಾದ ಕೇಳಿದ.

ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಮಠದ ಅಂಗಳದಲ್ಲಿ ಕುಳಿತು ಮರುದಿನದ ಪೂಜೆಗೆ ಬಿಲ್ವದ ಎಲೆ ಆರಿಸುತ್ತಿದ್ದರು. ತಲೆ ಎತ್ತದೆ, "ಕೊಟ್ಟಿದ್ದೆನಲ್ಲಪ್ಪ" ಎಂದರು.

"ಕೊಟ್ಟಿರಿ, ಬುದ್ಧಿ. ಒಂದು ತಿಂಗಳು ಜಪಿಸಿದೆ. ಬಾಯಿ ಒಣಗಿತೇ ಹೊರತು ಎದೆ ನೆನೆಯಲಿಲ್ಲ. ಬೇರೆ ಬೇಡಿದೆ. ಅದನ್ನೂ ಕೊಟ್ಟಿರಿ. ಅದೂ ಹತ್ತಲಿಲ್ಲ. ಮೂರನೆಯದನ್ನು ಹೇಳಲು ಕೂತರೆ ತೂಕಡಿಕೆ ಬರುತ್ತದೆ. ಇವತ್ತು ನಾಲ್ಕನೆಯದನ್ನು ಕೊಡಿ. ಅದೂ ಹೀಗೇ ಆದರೆ, ಈ ದಾರಿ ನನ್ನದಲ್ಲ ಎಂದುಕೊಂಡು ಊರಿಗೆ ಹೊರಡುತ್ತೇನೆ."

ಗುರುಗಳು ಎಲೆಯ ಬುಟ್ಟಿಯನ್ನು ಬದಿಗಿಟ್ಟರು. "ಕೂತುಕೋ. ಒಂದು ಕತೆ ಕೇಳು. ಆಮೇಲೆ ಬೇಕಾದರೆ ಗಂಟು ಕಟ್ಟು" ಎಂದು ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಾಡುಗಾರನಿದ್ದ. ಭಜನಾ ಮೇಳದಲ್ಲಿ ಮೊದಲ ಸಾಲು ಎತ್ತಿಕೊಡುವವನು ಅವನೇ. ಅವನು ಒಂದು ಸಾಲು ಹಾಡಿದರೆ ಊರಿಗೆ ಊರೇ ಹಿಂದಿನಿಂದ ಹಾಡುತ್ತಿತ್ತು. ಹೀಗಿರಲು ಅವನ ಗಂಟಲಿಗೆ ಬೇನೆ ಬಂತು. ವೈದ್ಯರು ಜೀವ ಉಳಿಸಿದರು, ದನಿ ಉಳಿಯಲಿಲ್ಲ. ಎದುರಿಗೆ ಕೂತವರಿಗೆ ಕೇಳುವಷ್ಟು ಪಿಸುಮಾತು ಮಾತ್ರ ಉಳಿಯಿತು.

ಅವನು ದೇವರನ್ನು ಬೈಯಲಿಲ್ಲ. ಕೊಟ್ಟವನು ಗಂಟಲನ್ನು ಹಿಂದಕ್ಕೆ ತೆಗೆದುಕೊಂಡ, ಬೆರಳುಗಳನ್ನು ಬಿಟ್ಟಿದ್ದಾನಲ್ಲ ಎಂದುಕೊಂಡ. ಗಿಟಾರ್ ಕಲಿತ. ತಂತಿಯ ಮೇಲೆ ಬೆರಳು ಜಾರಿಸಿ, ಹಾಡಿನ ಕೊಂಕು ಬಳುಕನ್ನೆಲ್ಲ ತೆಗೆಯುವಷ್ಟು ಕಲಿತ. ಮೇಳದಲ್ಲಿ ಮತ್ತೆ ಜಾಗ ಸಿಕ್ಕಿತು. ಜನ ಅವನ ವಾದ್ಯವನ್ನು ಮೆಚ್ಚಿ ಕೇಳುತ್ತಿದ್ದರು. ಆದರೆ ಅವನ ಹಿಂದೆ ಹಾಡುವುದನ್ನು ಬಿಟ್ಟಿದ್ದರು.

ಎಲೆಕ್ಟ್ರಿಕ್ ಗಿಟಾರಿಗೆ ಆಂಪ್ಲಿಫೈಯರ್ ಇಲ್ಲದೆ ದನಿಯಿಲ್ಲ. ಅವನ ಆಂಪ್ಲಿಫೈಯರ್ ಹಳೆಯ ಕಾಲದ್ದು. ಹಿಂದಿನ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು ಅದರೊಳಗೆ ಇದ್ದವು. ಅವುಗಳಲ್ಲಿ ಎರಡು ದೊಡ್ಡವು. ದನಿಗೆ ಮೈ ತುಂಬುತ್ತಿದ್ದುದು ಆ ಜೋಡಿಯೇ. ಅವನು ಸ್ವಿಚ್ ಹಾಕಿ, ಆ ಎರಡರೊಳಗೆ ಹೊಂಬೆಳಕು ಮೂಡುವವರೆಗೆ ನಂದಾದೀಪದ ಮುಂದೆ ನಿಂತಂತೆ ಕೈಮುಗಿದು ನಿಲ್ಲುತ್ತಿದ್ದ.

ಹನ್ನೆರಡು ವರ್ಷ ಉರಿದ ಮೇಲೆ ಆ ಜೋಡಿ ಸೋತಿತು. ದನಿ ಮಂಕಾಯಿತು.

"ಅಣ್ಣಾ, ನಿನ್ನ ಪೆಟ್ಟಿಗೆಗೆ ನೆಗಡಿ ಹಿಡಿದಿದೆ. ಶುಂಠಿ ಕಷಾಯ ಕುಡಿಸು" ಎಂದು ಮೇಳದ ಯಜಮಾನ ನಗೆಯಾಡಿದ. ಆಮೇಲೆ ನಗು ಬಿಟ್ಟು ಹೇಳಿದ: "ರಾಮನವಮಿಗೆ ಹತ್ತೂರಿನ ಜನ ಸೇರುತ್ತಾರೆ. ಅಷ್ಟರೊಳಗೆ ಸರಿಯಾಗದಿದ್ದರೆ ಕೀಬೋರ್ಡಿನವರನ್ನು ಕರೆಸಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡ."

ಗಿಟಾರಿನವನು ಒಮ್ಮೆ ದನಿ ಕಳೆದುಕೊಂಡವನು. ಎರಡನೆಯ ಸಲ ಮೂಗನಾಗುವ ಶಕ್ತಿ ಅವನಲ್ಲಿ ಇರಲಿಲ್ಲ.

ಪಟ್ಟಣಕ್ಕೆ ಹೋದ. ಅಂಗಡಿಯವನು ಪರದೇಶದ ಒಂದು ಜೋಡಿ ವಾಲ್ವು ತೆಗೆದು, "ಇದು ಗಂಧರ್ವರ ಗಂಟಲು ಸ್ವಾಮಿ" ಎಂದು ಕೈಯಲ್ಲಿಟ್ಟ. ಮನೆಗೆ ತಂದು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ತಂತಿ ಮೀಟಿದ. ಒಣ ಬಿದಿರು ಸೀಳಿದ ಹಾಗೆ ತೆಳ್ಳಗೆ, ಒರಟಾಗಿ ಬಂತು ದನಿ. ಕಿತ್ತು ಹತ್ತಿಯಲ್ಲಿ ಸುತ್ತಿಟ್ಟ.

ಮತ್ತೆ ಹೋದ. ಎರಡನೆಯ ಜೋಡಿ ಯಾವುದೋ ಕಾಲದಲ್ಲಿ ಸೈನ್ಯದ ಉಗ್ರಾಣದಲ್ಲಿ ಬಳಸದೆ ಉಳಿದದ್ದಂತೆ. "ಇಂಥ ಕೆಲಸ ಈಗ ಯಾರೂ ಮಾಡುವುದಿಲ್ಲ" ಎಂದ ಅಂಗಡಿಯವನು. ಕೂರಿಸಿದ. ದನಿ ಗುಡುಗಿತು. ಅವನು ಹಿಗ್ಗಿದ. ಆದರೆ ಒಂದು ಹಾಡು ಮುಗಿಯುವುದರೊಳಗೆ ಗಾಜಿನೊಳಗಿನ ತಗಡು ಕುಲುಮೆಯ ಕಬ್ಬಿಣದಂತೆ ಕೆಂಪೇರಿತು. ಹೆದರಿ ಸ್ವಿಚ್ ಆರಿಸಿದ.

ಮೂರನೆಯ ಸಲ ಅವನನ್ನು ಕಂಡಾಗ ಅಂಗಡಿಯವನಿಗೇ ಸಾಕಾಗಿತ್ತು. "ಹೆಣ್ಣು ನೋಡಲು ಬಂದವರೂ ಒಂದೇ ಮನೆಯಲ್ಲಿ ಮೂರು ಸಲ ಉಪ್ಪಿಟ್ಟು ತಿನ್ನುವುದಿಲ್ಲ ಸ್ವಾಮಿ" ಎಂದು, ಎಲ್ಲರೂ ಹಾಕುವ ಸಾದಾ ಜೋಡಿಯೊಂದನ್ನು ಕಟ್ಟಿಕೊಟ್ಟ. ಅದನ್ನು ಕೂರಿಸಿದರೆ ಕಂಬಳಿ ಹೊದ್ದು ಮಾತಾಡಿದ ಹಾಗಿತ್ತು.

ರಾಮನವಮಿಗೆ ಎರಡೇ ದಿನ ಇತ್ತು. ಅವನು ಮೂರು ಜೋಡಿಯನ್ನೂ ದೇವರ ಮುಂದಿಟ್ಟು ಕುಳಿತ. "ಸ್ವಾಮಿ, ನಿನಗೆ ನನ್ನ ಹಾಡು ಸಾಕಾಯಿತೇ?" ಎಂದು ಪಿಸುಗುಟ್ಟಿದ.

ಭಗವಂತ ಇಂಥ ಮಾತಿಗೆ ತಾನೇ ಬಾಯಿಬಿಟ್ಟು ಉತ್ತರ ಹೇಳುವುದು ಅಪರೂಪ. ಹತ್ತಿರದವರ ಬಾಯಲ್ಲಿ ಹೇಳಿಸುತ್ತಾನೆ. ಒಳಗಿನಿಂದ ಹೆಂಡತಿ, "ಪಟ್ಟಣಕ್ಕೆ ಮೂರು ಸಲ ಹೋದಿರಿ. ಹಿಂದಿನ ಬೀದಿಯ ರೇಡಿಯೊ ಅಕ್ಕನಿಗೆ ಒಮ್ಮೆ ತೋರಿಸಬಾರದೇ?" ಎಂದಳು.

ಆ ಬೀದಿಯಲ್ಲಿ ಒಬ್ಬಳು ರೇಡಿಯೊ ರಿಪೇರಿ ಮಾಡುತ್ತಿದ್ದಳು. ಗಂಡನಿಂದ ಕೆಲಸ ಕಲಿತು, ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಪರದೇಶದ ವಾಲ್ವಿನ ಗುಣ ಇವಳಿಗೇನು ಗೊತ್ತು ಎಂದು ಅವನು ಅತ್ತ ತಲೆ ಹಾಕಿರಲಿಲ್ಲ. ಈಗ ಬೇರೆ ದಾರಿಯಿರಲಿಲ್ಲ. ಪೆಟ್ಟಿಗೆಯನ್ನೂ ಮೂರು ಜೋಡಿಯನ್ನೂ ಹೊತ್ತು ಹೋಗಿ, ಆದದ್ದನ್ನೆಲ್ಲ ಹೇಳಿದ.

ಅವಳು ಮೂರು ಜೋಡಿಯನ್ನೂ ಮೀಟರಿಗೆ ಕೊಟ್ಟು ನೋಡಿದಳು. "ಎಲ್ಲವೂ ಗಟ್ಟಿಯಾಗಿವೆಯಲ್ಲ ತಮ್ಮಾ. ಹಾಕುವಾಗ ತಿರುಪು ತಿರುಗಿಸಿದೆಯಾ?"

"ಯಾವ ತಿರುಪು ಅಕ್ಕಾ?"

"ಸರಿಹೋಯಿತು!" ಎಂದು ಅವಳು ನಕ್ಕಳು. ಪೆಟ್ಟಿಗೆಯನ್ನು ಬೋರಲು ಹಾಕಿ ತಳ ಬಿಚ್ಚಿದಳು. ಅವನು ಬಗ್ಗಿ ನೋಡಹೋದಾಗ, "ಕೈ ಹಿಂದಕ್ಕೆ ಕಟ್ಟಿಕೋ. ಇಲ್ಲಿರುವ ಕರೆಂಟು ಭಜನೆಗೆಲ್ಲ ಕರಗುವುದಿಲ್ಲ" ಎಂದಳು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಒಂದು ತಿರುಪು. ಅದರ ಮೇಲೆ ಹನ್ನೆರಡು ವರ್ಷದ ಧೂಳು.

"ವಾಲ್ವಿಗೆ ಎಷ್ಟು ಕರೆಂಟು ಹೋಗಬೇಕು ಎನ್ನುವುದನ್ನು ಇದು ನಿಗದಿ ಮಾಡುತ್ತದೆ. ಒಂದೊಂದು ಜೋಡಿಗೆ ಒಂದೊಂದು ಹಸಿವು. ನಿನ್ನ ಹಳೆಯ ಜೋಡಿಗೆ ಎಷ್ಟು ಬೇಕಿತ್ತೋ ಅಷ್ಟಕ್ಕೆ ಇದು ನಿಂತಿದೆ. ನೀನು ವಾಲ್ವು ಬದಲಾಯಿಸಿದೆ, ಇದನ್ನು ಮುಟ್ಟಲಿಲ್ಲ. ಒಂದು ಜೋಡಿ ಹಸಿದು ಕೂಗಿತು. ಇನ್ನೊಂದಕ್ಕೆ ಹೆಚ್ಚಾಗಿ ಹೊಟ್ಟೆ ಉರಿಯಿತು. ಮೂರನೆಯದು ಅರೆಹೊಟ್ಟೆಯಲ್ಲಿ ಗೊಣಗಿತು. ಹೋದವರ ಹಸಿವು ನೋಡಿ ಬಂದವರಿಗೆ ಬಡಿಸಿದರೆ ಯಾರು ಹಾಡುತ್ತಾರೆ, ಹೇಳು?"

ಅವನಿಗೆ ನಾಚಿಕೆಯಾಯಿತು. ಮೂರು ಜೋಡಿಗೂ ಮನಸ್ಸಿನಲ್ಲೇ ಕೈಮುಗಿದ.

ಅವಳು ಮೊದಲನೆಯ ಜೋಡಿ ಕೂರಿಸಿದಳು. ಅದು ಚೆನ್ನಾಗಿ ಕಾಯುವವರೆಗೆ ಸುಮ್ಮನೆ ಕಾದಳು. ಮೀಟರಿನ ಮುಳ್ಳನ್ನು ನೋಡುತ್ತ, ಕೂದಲೆಳೆಯಷ್ಟು ತಿರುಪು ತಿರುಗಿಸಿದಳು. "ಈಗ ನುಡಿಸು" ಎಂದಳು. ಬಿದಿರು ಸೀಳಿದ್ದ ದನಿ ಗುಡಿಯ ಗಂಟೆಯಂತೆ ನಿಂತು ಮೊಳಗಿತು. ಅವನ ಕಣ್ಣು ಅರಳಿತು. ಎರಡನೆಯದಕ್ಕೂ ಹಾಗೇ ಮಾಡಿದಳು. ತಗಡು ಕೆಂಪಾಗಲಿಲ್ಲ, ಶಂಖ ಊದಿದಂತೆ ತುಂಬಿ ಬಂತು. ಮೂರನೆಯದರ ದನಿ ಕಂಬಳಿ ಸರಿಸಿ ಎದ್ದು ಕುಳಿತಿತು.

ಈಗ ಅವನಿಗೆ ಬೇರೆ ಕಷ್ಟ ಬಂತು. "ಅಕ್ಕಾ, ಮೂರೂ ಚೆನ್ನಾಗಿವೆ. ಯಾವುದನ್ನು ಇಟ್ಟುಕೊಳ್ಳಲಿ?"

"ಅದನ್ನು ಮೀಟರು ಹೇಳುವುದಿಲ್ಲ. ಅಂಗಡಿಯವನ ಮಾತನ್ನೂ ಮರೆತುಬಿಡು. ನೀನು ಹಾಡುತ್ತಿದ್ದಾಗ ಈ ಬೆಂಚಿನ ಮೇಲೆ ಕೂತು ನಾನು ಕೇಳಿದ್ದೇನೆ. ನಿನಗೆ ನಿನ್ನ ಗಂಟಲು ನೆನಪಿದೆಯಾ?"

ಅವನು ಕಣ್ಣು ಮುಚ್ಚಿದ. ಒಂದೇ ಹಾಡಿನ ಒಂದೇ ಸಾಲನ್ನು ಮೂರರಲ್ಲೂ ಮತ್ತೆ ನುಡಿಸಿದ. ಗಂಟೆ ಸೊಗಸಾಗಿತ್ತು. ಶಂಖ ಗಂಭೀರವಾಗಿತ್ತು. ಸಾದಾ ಜೋಡಿಯಲ್ಲಿ ಸ್ವರ ಮೇಲಕ್ಕೆ ಹೋದಾಗ ಮಾತ್ರ ಒಂದು ಕಡೆ ಸಣ್ಣಗೆ ಬಿರಿಯಿತು. ಅವನು ಹಾಡುತ್ತಿದ್ದ ಕಾಲದಲ್ಲಿ, ಸ್ವಾಮಿಯ ಹೆಸರು ಬಂದಾಗಲೆಲ್ಲ ಅವನ ಗಂಟಲು ಅಲ್ಲೇ ಬಿರಿಯುತ್ತಿತ್ತು. ಅದನ್ನು ದೋಷವೆಂದು ತಿದ್ದಲು ಎಷ್ಟೋ ವರ್ಷ ಹೆಣಗಿದ್ದ.

ಅವನು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಅತ್ತ. ಅವಳೂ ಸೆರಗಿನಿಂದ ಕಣ್ಣೊರಸಿಕೊಂಡಳು. "ಇದೇ ಇರಲಿ" ಎಂದಳು.

ರಾಮನವಮಿಯ ಬೆಳಿಗ್ಗೆ ಚಪ್ಪರದ ತುಂಬ ಜನ. ಪಾನಕದ ಲೋಟ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದರು. ಯಜಮಾನ ತಾಳ ಎತ್ತಿಕೊಂಡು, "ಏನಣ್ಣಾ, ನೋಡೋಣ" ಎಂದ. ಗಿಟಾರಿನವನು ಮೊದಲ ಸಾಲು ನುಡಿಸಿದ.

ಮಾತು ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಪಕ್ಕದವಳ ಕೈ ಹಿಡಿದು, "ಅವನ ಗಂಟಲು ಬಂತೇನೇ!" ಎಂದಳು. ಪದವಿಲ್ಲದ ಆ ಸಾಲಿಗೆ ಅವಳೇ ಪದ ಸೇರಿಸಿ ಹಾಡಿದಳು. ಪಕ್ಕದವಳು ಹಾಡಿದಳು. ಮರುಸಾಲಿಗೆ ಚಪ್ಪರವೆಲ್ಲ ಹಾಡಿತು. ಹನ್ನೆರಡು ವರ್ಷ ಬರೀ ಕೇಳುತ್ತ ಕೂತಿದ್ದ ಊರು ಎದ್ದು ನಿಂತು, ಅವನ ಹಿಂದೆ ಹಾಡಿತು. ಯಜಮಾನ ತಾಳವನ್ನು ತಲೆಯ ಮೇಲಕ್ಕೆತ್ತಿ ಹಾಕುತ್ತ ಕುಣಿದ. ಗಂಟಲಿಲ್ಲದವನು ಊರಿನ ನೂರು ಗಂಟಲುಗಳಲ್ಲಿ ಸ್ವಾಮಿಯನ್ನು ಕೂಗಿದ. ಬಿಸಿಲೇರುವವರೆಗೆ ಯಾರಿಗೂ ಮುಗಿಸಲು ಮನಸ್ಸು ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ಸಂತೋಷದಿಂದ ಕಣ್ಣು ತುಂಬಿಕೊಂಡು ಕುಳಿತಿದ್ದ.

"ತಿಳಿಯಿತು ಬುದ್ಧಿ" ಎಂದ. "ನಾಮ ಬದಲಾಯಿಸಿದೆ, ನಾನು ಹಳೆಯ ಅಳತೆಯಲ್ಲೇ ಉಳಿದೆ. ನಾಲ್ಕನೆಯದು ಬೇಡ. ಇರುವ ಮೂರರಲ್ಲೇ ಒಂದನ್ನು ಹಿಡಿಯುತ್ತೇನೆ. ಯಾವುದೆಂದು ಅಪ್ಪಣೆ ಕೊಡಿ. ಯಾವುದನ್ನು ಹೇಳಿದರೆ ಭಗವಂತನಿಗೆ ಹೆಚ್ಚು ಪ್ರೀತಿ?"

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ತನ್ನ ಹೆಸರು ಅವನಿಗೆ ಗೊತ್ತಿದೆ ಮಗು, ಅವನು ಕಾದಿರುವುದು ನಿನ್ನ ದನಿಗೆ."