ಸುಂಕದ ವರದಯ್ಯನ ಮನೆಗೆ ಬಂದ ಸರಕು

"ಇನ್ನು ಮೇಲೆ ನಮ್ಮ ಊರಿಗೆ ಹೇಳದೆ ಕೇಳದೆ ಒಂದು ಇರುವೆಯೂ ಬರುವ ಹಾಗಿಲ್ಲ," ಎಂದು ದೊರೆ ಚಂದರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಈ ಮಾತನ್ನು ಅವನ ಕಿವಿಯಲ್ಲಿ ಊದಿದವನು ವರದಯ್ಯ. ರಾಣಿಯ ತಮ್ಮ. ಅದೇ ಅವನ ವಿದ್ಯೆ, ಅದೇ ಅವನ ಅನುಭವ. ಅಷ್ಟರ ಬಲದಿಂದಲೇ ಮುತ್ತುಗುಂದ ಬಂದರಿನ ಸುಂಕದ ಅಧಿಕಾರಿಯಾಗಿದ್ದ. ಶತ್ರುಗಳು ಮೂಟೆಯೊಳಗೆ ಅಡಗಿ ಕೂತು ಬಂದುಬಿಡಬಹುದು ಎಂದು ದೊರೆಯನ್ನು ಹೆದರಿಸಿ, ಹೊಸ ಕಾನೂನು ಮಾಡಿಸಿದ್ದ.

ಕಾನೂನು ಇಷ್ಟೇ. ಪರದೇಶದಲ್ಲಿ ಸರಕು ಹಡಗು ಹತ್ತುವ ಮೊದಲೇ, ಅದನ್ನು ತರಿಸುವವನು ಇಲ್ಲಿ ಸುಂಕದ ಕಟ್ಟೆಗೆ ಬಂದು ಎಲ್ಲ ಹೇಳಬೇಕು. ಒಳಗೆ ಏನಿದೆ, ಮಾಡಿದವರು ಯಾರು, ಮೂಟೆ ಕಟ್ಟಿದವರು ಯಾರು, ಹಡಗಿನ ಯಾವ ಮೂಲೆಯಲ್ಲಿ ಇಟ್ಟಿದ್ದಾರೆ. ಹೇಳದಿದ್ದರೆ ಸರಕು ಸಮುದ್ರದ ಪಾಲು.

ಮೊದಲು ಸಿಕ್ಕಿಬಿದ್ದವರು ಕಾಸೀಮ್ ಸಾಹುಕಾರರು. ಅರಬರ ನಾಡಿನಿಂದ ಅವರು ತರಿಸಿದ್ದ ಖರ್ಜೂರ, ಇಂಗು ಎಲ್ಲವನ್ನೂ ವರದಯ್ಯ ಉಗ್ರಾಣದಲ್ಲಿ ಕೂಡಿಹಾಕಿದ್ದ. ಮನೆಯಲ್ಲಿದ್ದುದನ್ನೆಲ್ಲ ಆ ಹಡಗಿಗೇ ಸುರಿದಿದ್ದ ಸಾಹುಕಾರರು ಮುಂದಿನ ಸಭೆಯಲ್ಲಿ ಕೈಮುಗಿದು ನಿಂತಿದ್ದರು.

"ಮೊದಲೇ ಹೇಳುವುದು ಹೇಗೆ ಸ್ವಾಮಿ? ಸರಕು ಬರುವ ಹಡಗಿನಲ್ಲೇ ಸುದ್ದಿಯೂ ಬರುವುದು."

"ಹಾಗಾದರೆ ಸುದ್ದಿಯನ್ನು ಅದರ ಹಿಂದಿನ ಹಡಗಿನಲ್ಲಿ ತರಿಸಿ," ಎಂದ ವರದಯ್ಯ.

"ಹಿಂದಿನ ಹಡಗು ಹೊರಟಾಗ ಖರ್ಜೂರ ಇನ್ನೂ ಮರದಲ್ಲಿತ್ತು."

"ಅದು ಮರದ ತಪ್ಪು, ಕಾನೂನಿನದಲ್ಲ."

ಸಭೆ ನಕ್ಕಿತು. ರಾಣಿಯ ತಮ್ಮ ಹೇಳಿದ್ದಕ್ಕೆ ನಗದೆ ಇರಲಾಗುತ್ತದೆಯೇ? ಹುಣ್ಣಿಮೆಯ ದಿನ ಅಷ್ಟನ್ನೂ ಸಮುದ್ರಕ್ಕೆ ಸುರಿಯಬೇಕೆಂದು ತೀರ್ಪಾಯಿತು.

ಕಂಬದ ಹತ್ತಿರ ಕೂತಿದ್ದ ದುಗ್ಗಮ್ಮ ಎದ್ದಳು. ಅವಳು ಅರಮನೆಯ ಸೂಲಗಿತ್ತಿ. ಅವಳ ನಾಲಿಗೆಗೆ ದೊರೆಯೂ ಸ್ವಲ್ಪ ಅಂಜುತ್ತಿದ್ದ.

"ದೊರೆ, ಊರಿನ ಬಾಣಂತಿಯರು ಖರ್ಜೂರ, ಇಂಗು ಇಲ್ಲದೆ ಸೊಂಟ ಹಿಡಿದುಕೊಂಡು ಕೂತಿದ್ದಾರೆ. ನಿಮ್ಮ ಮೀನುಗಳಿಗೆ ಬಾಣಂತನ ಮಾಡಿಸುತ್ತೀರೋ?"

"ಕಾನೂನು ಕಾನೂನೇ, ದುಗ್ಗಮ್ಮ."

"ಇದು ಬಂದರಿಗೆ ಮಾತ್ರವೋ?"

"ಹೊಸದಾಗಿ ಊರಿಗೆ ಯಾರೇ ಬರಲಿ, ಏನೇ ಬರಲಿ, ಎಲ್ಲಕ್ಕೂ ಇದೇ," ಎಂದು ವರದಯ್ಯ ಬಾಯಿ ಹಾಕಿದ.

"ಕೇಳಬೇಕಾದ್ದನ್ನು ಕೇಳದೆ ಬರಮಾಡಿಕೊಂಡವರಿಗೆ?"

"ಛಡಿಯೇಟು."

"ದೊಡ್ಡವರ ಮನೆಗೆ ಬಂದರೆ?"

"ನನ್ನ ಮನೆಗೆ ಬಂದರೂ ಅಷ್ಟೇ," ಎಂದು ವರದಯ್ಯ ಎದೆ ಉಬ್ಬಿಸಿದ. ದೊರೆ ತಲೆಯಾಡಿಸಿದ. ದುಗ್ಗಮ್ಮ ಇಬ್ಬರಿಗೂ ಕೈಮುಗಿದು ಹೊರಟುಹೋದಳು.

ಹುಣ್ಣಿಮೆಯ ದಿನ ಬೆಳಿಗ್ಗೆ ವರದಯ್ಯನ ಹೆಂಡತಿ ಪದುಮಳಿಗೆ ಹೊಟ್ಟೆನೋವು ಶುರುವಾಯಿತು. ಚೊಚ್ಚಲು. ದುಗ್ಗಮ್ಮ ಬಂದಳು, ಒಳಗೆ ಹೋಗಿ ಹೊಟ್ಟೆ ಮುಟ್ಟಿ ನೋಡಿದಳು, ಇನ್ನೂ ಹೊತ್ತಿದೆ ಎಂದಳು. ಪದುಮಳ ಕಿವಿಯಲ್ಲಿ ಏನೋ ಹೇಳಿದಳು. ಆ ನೋವಿನಲ್ಲೂ ಪದುಮಳಿಗೆ ನಗು ಬಂತು. ಹೆರಿಗೆಯ ಕೆಲಸದಲ್ಲಿ ತನ್ನಷ್ಟೇ ಪಳಗಿದ ತನ್ನ ನಾದಿನಿಯನ್ನು ಅವಳ ಪಕ್ಕ ಕೂರಿಸಿ, ದುಗ್ಗಮ್ಮ ಹೊರಗೆ ಬಂದು ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರತೊಡಗಿದಳು.

ದೊರೆಯೂ ರಾಣಿಯೂ ಆಗಲೇ ಬಂದು ಪಡಸಾಲೆಯಲ್ಲಿ ಕೂತಿದ್ದರು. ರಾಣಿ ಒಳಗೆ ಹೋದಳು. ಒಳಗಿನಿಂದ ಪದುಮಳ ಕೂಗು ಕೇಳಿತು. ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು.

"ಇಲ್ಲೇಕೆ ಕೂತೆ? ಒಳಗೆ ಹೋಗು," ಎಂದ ವರದಯ್ಯ.

"ಹೋಗುತ್ತೇನೆ ಒಡೆಯ. ಹೊಸದಾಗಿ ಊರಿಗೆ ಯಾರೋ ಬರುತ್ತಿದ್ದಾರೆ. ಬರಮಾಡಿಕೊಳ್ಳುವವಳು ನಾನು. ಈ ವಯಸ್ಸಿನಲ್ಲಿ ಛಡಿಯೇಟು ತಡೆಯಲಾರೆ. ಒಳಗಿರುವುದು ಏನು, ಗಂಡೋ ಹೆಣ್ಣೋ?"

"ನನಗೇನು ಗೊತ್ತು?"

"ಹಡಗಿನ ಯಾವ ಮೂಲೆಯಲ್ಲಿದೆ? ಎಡಕ್ಕೋ ಬಲಕ್ಕೋ?"

"ದುಗ್ಗಮ್ಮ, ಹುಡುಗಾಟ ಸಾಕು."

"ಮೂಟೆ ಕಟ್ಟಿದವರು ಯಾರು?"

"ದೇವರು," ಎಂದು ವರದಯ್ಯ ಹಲ್ಲು ಕಡಿದ.

"ಅವನು ಬಂದು ಸುಂಕದ ಕಟ್ಟೆಯಲ್ಲಿ ಹೇಳಿದ್ದಾನೋ? ಹೋಗಲಿ, ಮಾಡಿದವರು ಯಾರು?"

ವರದಯ್ಯ ಸುತ್ತ ನೋಡಿದ. ಬೇಲಿಯಾಚೆ ಅರ್ಧ ಬೀದಿ ಸೇರಿತ್ತು. ತಲೆ ತಗ್ಗಿಸಿ, "ನಾನೇ," ಎಂದ.

"ಮತ್ತೆ ಸರಕು ಹತ್ತುವ ಮೊದಲೇ ಹೇಳಬೇಕಿತ್ತಲ್ಲ. ಒಂಬತ್ತು ತಿಂಗಳ ಹಿಂದೆ ತಾವು ಬಾಯಿ ಮುಚ್ಚಿಕೊಂಡಿದ್ದಿರಿ. ಈಗ ನಾನು ಮಾಡುವುದೇನು? ಬಂದುದನ್ನು ಉಗ್ರಾಣಕ್ಕೆ ಕಳಿಸಲೋ, ಸಮುದ್ರಕ್ಕೋ?"

ಒಳಗೆ ಪದುಮ ಇನ್ನೊಮ್ಮೆ ಕೂಗಿದಳು. ವರದಯ್ಯ ದೊರೆಯ ಕಾಲ ಬಳಿ ಕುಸಿದ.

"ಭಾವ, ನೀವಾದರೂ ಹೇಳಿ. ಒಳಗಿರುವುದು ಏನೆಂದು ಬರುವುದಕ್ಕೆ ಮೊದಲೇ ಹೇಳು ಎಂದರೆ ಯಾವ ಮನುಷ್ಯ ಹೇಳಿಯಾನು? ಬಂದ ಮೇಲೆ ಬಿಚ್ಚಿ ನೋಡಿದರಾಯಿತು. ಇಷ್ಟೂ ಬುದ್ಧಿ ಬೇಡವೇ?"

"ಬೇಕು ಒಡೆಯ," ಎಂದಳು ದುಗ್ಗಮ್ಮ. "ಕಾಸೀಮ್ ಸಾಹುಕಾರರೂ ಇದನ್ನೇ ಹೇಳಿದರು. ಆಗ ತಾವು ಮರದ ಮೇಲೆ ತಪ್ಪು ಹೊರಿಸಿದಿರಿ. ಇವತ್ತು ಯಾರ ಮೇಲೆ ಹೊರಿಸುತ್ತೀರಿ?"

ದೊರೆಯ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಕುಲುಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಏಳಯ್ಯ, ವರದಯ್ಯ. ಸರಕು ಸಮುದ್ರಕ್ಕೆ ಬೀಳುವ ಮೊದಲು ಓಡು. ಸಾಹುಕಾರರ ಒಂದೊಂದು ಮೂಟೆಯನ್ನೂ ನೀನೇ ಹೊತ್ತು ಅವರ ಅಂಗಡಿಗೆ ಇಳಿಸು. ಕಾನೂನು ಇವತ್ತಿಗೆ ಸತ್ತಿತು."

ವರದಯ್ಯ ಪಂಚೆ ಎತ್ತಿಕಟ್ಟಿ ಓಡಿದ. ದುಗ್ಗಮ್ಮ ಎಲೆಯನ್ನು ಹಾಗೆಯೇ ಇಟ್ಟು ಒಳಗೆ ಹೋದಳು.

ವರದಯ್ಯ ಬೆನ್ನು ಬಗ್ಗಿಸಿಕೊಂಡು ಮರಳಿ ಬರುವ ಹೊತ್ತಿಗೆ ಮಗುವಿನ ಅಳು ಬೀದಿಗೆ ಕೇಳುತ್ತಿತ್ತು. ಹೆಣ್ಣು ಮಗು. ದುಗ್ಗಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು ದೊರೆಗೆ ತೋರಿಸಿದಳು. ದೊರೆ ಕೈಯ ಕಡಗ ಬಿಚ್ಚಿ ಅವಳಿಗೆ ಕೊಟ್ಟ.

"ಅಲ್ಲ ದುಗ್ಗಮ್ಮ, ನಾನು ಹುಟ್ಟಿದಾಗ ಹಿಡಿದುಕೊಂಡದ್ದೂ ಇದೇ ಕೈಯಂತೆ. ಆಗ ನೀನು ಹೀಗೆಲ್ಲ ಕೇಳಿದ್ದೆಯೇನೇ?"

"ಎಲ್ಲಿ ಕೇಳಿದೆ, ದೊರೆ?" ಎಂದಳು ದುಗ್ಗಮ್ಮ ಕಡಗವನ್ನು ಸೆರಗಿಗೆ ಗಂಟು ಹಾಕುತ್ತ. "ಕೇಳಿ, ಸರಿಯಾಗಿ ನೋಡಿ ಒಳಗೆ ಬಿಟ್ಟಿದ್ದರೆ, ಈ ಊರಿಗೆ ಇಂಥ ಕಾನೂನು ಬರುತ್ತಲೇ ಇರಲಿಲ್ಲ."