ರಾಣಿಯ ಕೆಂಪು ಹಣ್ಣಿನ ಮರ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜೀನೂ ಹುಟ್ಟಿರ್ಲಿಲ್ಲ ಅನ್ಕೋ, ಚಳಿಬೆಟ್ಟದ ಮೇಲೊಬ್ಬ ರಾಜ ಇದ್ನಂತೆ. ಅವನ ರಾಣಿ ತವರಿಂದ ಬರೋವಾಗ ಒಂದು ಗಿಡ ತಂದಿದ್ಳಂತೆ, ಅದು ಮರವಾಗಿ, ಮಳೆ ಮುಗೀತಿದ್ದಂಗೆ ಗೊಂಚಲು ಗೊಂಚಲು ಕೆಂಪು ಹಣ್ಣು ಬಿಡೋದಂತೆ. ತಿನ್ನೋಕಲ್ಲ ಕಣೇ, ಬರೀ ನೋಡೋಕೆ. ತೋಟ ಕಾಯೋ ಬೊಮ್ಮಣ್ಣ ಕವಣೆ ಹಿಡ್ಕೊಂಡು, ಒಂದು ಹಕ್ಕೀನೂ ಹತ್ರ ಸುಳೀದಂಗೆ ಮೂವತ್ತು ವರ್ಷ ಕಾದಿದ್ನಂತೆ. ಅದೇ ಅವನ ಹೆಮ್ಮೆ.

ಆಮೇಲೆ ಮರಕ್ಕೆ ವಯಸ್ಸಾಗಿ ಬುಡಕ್ಕೆ ಗೆದ್ದಲು ಹಿಡೀತಂತೆ. ರಾಣಿ ಊಟ ಬಿಟ್ಟು ಕೂತ್ಳಂತೆ. ರಾಜ ಬೊಮ್ಮಣ್ಣನ್ನ ಕರೆಸಿ, ಮೂರು ಯುಗಾದಿಯೊಳಗೆ ಇದರದ್ದೊಂದು ಸಸಿ ಎಬ್ಬಿಸು, ಇಲ್ದಿದ್ರೆ ತೋಟದ ಮನೆ ಬಿಟ್ಟು ಹೊರಡು ಅಂದ್ನಂತೆ. ಬೊಮ್ಮಣ್ಣನಿಗೆ ಮೂರು ಮಕ್ಕಳು, ಇಬ್ರು ಗಂಡು, ಕೊನೇದು ಹೆಣ್ಣು.

ದೊಡ್ಡೋನು ಬೀಜ ತೆಗೆದು, ಕುಂಬಳದ ಬೀಜಕ್ಕೆ ಮಾಡ್ದಂಗೆ ಬೂದೀಲಿ ಉಜ್ಜಿ, ಚಳಿಗಾಲವೆಲ್ಲ ಒಲೆ ಮೇಲೆ ನೇತಾಕಿ, ಯುಗಾದಿ ಕಳೆದ ಮೇಲೆ ಬಿತ್ತಿದ್ನಂತೆ. ಒಂದೂ ಮೂತಿ ತೋರಿಸ್ಲಿಲ್ಲ. ಆಮೇಲೆ ಎರಡನೇ ವರ್ಷ ನಡುವಿನೋನು ಸಗಣಿ ಉಂಡೇಲಿ ಬೀಜ ಇಟ್ಟು, ಕುಂಡಕ್ಕೆ ಹಾಕಿ, ಚಳಿ ತಾಗ್ಬಾರ್ದು ಅಂತ ಕಂಬಳಿ ಹೊದಿಸಿ, ದಿನಾ ಕೆದಕಿ ಕೆದಕಿ ನೋಡಿದ್ನಂತೆ. ನೀನು ಮೊಸರಾಯ್ತಾ ಅಂತ ಹಾಲಿಗೆ ಬೆರಳದ್ದಿ ನೋಡ್ತೀಯಲ್ಲ, ಹಂಗೆ. ಅದೂ ಹೋಯ್ತು.

ಮೂರನೇ ವರ್ಷ ಕೊನೇ ಮಗಳು ಸಣ್ಣಿ ನೇರ ರಾಣಿ ಹತ್ರ ಹೋಗಿ, ಅಮ್ಮಾವ್ರೇ, ನಿಮ್ಮ ತವರಲ್ಲಿ ಇದನ್ನ ಯಾರು ನೆಡ್ತಾರೆ ಅಂತ ಕೇಳಿದ್ಳಂತೆ. ಯಾರೂ ನೆಡಲ್ಲ ಕಣಮ್ಮ, ಹಕ್ಕಿ ತಿಂದು ಹಿಕ್ಕೇಲಿ ಬೀಜ ಉದುರಿಸ್ತವೆ, ಅದರ ಮೇಲೆ ಚಳಿಗಾಲವೆಲ್ಲ ಮಂಜು ಬೀಳುತ್ತೆ, ಆಮೇಲೆ ತಾನೇ ಏಳುತ್ತೆ ಅಂದ್ಳಂತೆ ರಾಣಿ.

ಸಣ್ಣಿ ಮನೆಗೆ ಬಂದು, ಅಪ್ಪಾ, ಈ ವರ್ಷ ಕವಣೆ ನನ್ನ ಕೈಗೆ ಕೊಡು ಅಂದ್ಳಂತೆ. ಹಣ್ಣೂ ಹೋಗಿ ಸಸೀನೂ ಬರ್ದಿದ್ರೆ ಯಾವ ಮುಖ ಇಟ್ಕೊಂಡು ರಾಜನ ಮುಂದೆ ನಿಲ್ಲಲಿ ಅಂತ ಬೊಮ್ಮಣ್ಣ ಗದರಿದ್ನಂತೆ. ಹೆಂಗೂ ಮನೆ ಹೋಗೋದೇ ಅಲ್ವಾ, ಹಕ್ಕಿ ಹೊಟ್ಟೆನಾದ್ರೂ ತುಂಬ್ಲಿ ಅಂದ್ಳಂತೆ. ಮುಖ ಸಿಂಡರಿಸ್ಕೊಂಡೇ ಕೊಟ್ನಂತೆ. ಮೂರೇ ದಿನಕ್ಕೆ ಹಕ್ಕಿಗಳು ಮರಾನ ಬೋಳು ಮಾಡಿದ್ವಂತೆ. ರಾಜ ಕೆಂಡವಾದ್ನಂತೆ. ಗಡುವು ಇನ್ನೂ ಇದೆ ಸ್ವಾಮಿ ಅಂದ್ಳಂತೆ ಸಣ್ಣಿ. ಚಳಿಗಾಲವೆಲ್ಲ ಮಂಜು ಬಿತ್ತು, ಮನೆಯೋರೆಲ್ಲ ಗಂಟುಮೂಟೆ ಕಟ್ಕೊಂಡೇ ಕೂತಿದ್ರಂತೆ.

ಆಮೇಲೆ, ಯುಗಾದಿಗೆ ಒಂದು ದಿನ ಇದೆ ಅನ್ನೋವಾಗ, ಸಣ್ಣಿ ಹಕ್ಕಿಗಳು ಕೂರ್ತಿದ್ದ ಬೇಲಿ ಬುಡದಲ್ಲಿ ಬಗ್ಗಿ ನೋಡಿದ್ರೆ ಬೆರಳುದ್ದದ ಸಸಿ, ಒಂದಲ್ಲ, ಹನ್ನೊಂದು. ರಾಣಿ ಬರಿಗಾಲಲ್ಲೇ ಓಡಿಬಂದ್ಳಂತೆ, ರಾಜ ಆ ಮನೇನ ತಲೆತಲಾಂತರಕ್ಕೂ ನಿಮಗೇ ಅಂದ್ನಂತೆ. ಬೊಮ್ಮಣ್ಣ ಮಾತ್ರ ಸಸಿ ಮುಂದೆ ಕೂತು ಅತ್ನಂತೆ. ಮನೆ ಉಳೀತಲ್ಲಪ್ಪಾ, ಯಾಕೆ ಅಳ್ತೀಯಾ ಅಂತ ಸಣ್ಣಿ ಕೇಳಿದ್ಳಂತೆ. ಮೂವತ್ತು ವರ್ಷ ಈ ಮರಕ್ಕೆ ಮಕ್ಕಳಾಗದಂಗೆ ಕಾದೋನು ನಾನೇ ಅಲ್ವೇನವ್ವ ಅಂದ್ನಂತೆ.

ಹನ್ನೊಂದೂ ಮರವಾದ್ವು, ಸಣ್ಣಿ ಮಕ್ಕಳು ಮೊಮ್ಮಕ್ಕಳು ಅದೇ ತೋಟದಲ್ಲಿ ಬಾಳಿದ್ರು. ಅಲ್ಲಿಗೆ ಕತೆ ಮುಗೀತು, ನೀನು ಆ ಕಡೆ ತಿರುಗಿ ಮಲಗು.