ರಾಣಿಯ ದನಿ ಇದ್ದ ಕಂಪ್ಯೂಟರು

“ಕೇಳ್ರಪ್ಪೋ ಕೇಳಿ! ತೀರಿಹೋದ ಮಹಾರಾಣಿಯವರ ಕಂಪ್ಯೂಟರಿನಲ್ಲಿ ಅವರ ಭಾಗ ತೆರೆಯುತ್ತಿಲ್ಲ. ರಾಜಕುಮಾರಿಯವರು ಅದರ ಮೇಲೆ ಮೂರು ಒಗಟು ಹಾಕುತ್ತಾರೆ. ಬಿಡಿಸಿ, ತೆರೆದು ತೋರಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಡನೆ ಮದುವೆ. ತಪ್ಪಿದವನಿಗೆ ತಲೆದಂಡ!”

ಕಲ್ಲುಗೋಟೆಯ ಬೀದಿಯಲ್ಲಿ ಹೀಗೆ ಡಂಗುರ ಹೊಡೆದಾಗ, ಕೋಟೆ ಬಾಗಿಲ ಪಕ್ಕ ಕೂತು ಗಡಿಯಾರ ರಿಪೇರಿ ಮಾಡುತ್ತಿದ್ದ ಓಬಳನ ಕೈಯಿಂದ ಚಿಮಟ ಜಾರಿತು. ಹೋದ ಬೇಸಿಗೆಯಲ್ಲಿ ಇಂಥದೇ ಡಂಗುರ ಕೇಳಿ ಅವನ ಅಣ್ಣ ಬೋರಯ್ಯ ಅರಮನೆಗೆ ಹೋಗಿದ್ದ. ಆಗ ಇದ್ದದ್ದು ಎರಡೇ ಒಗಟು. ಕಂಪ್ಯೂಟರ್ ರಿಪೇರಿಯಲ್ಲಿ ಪಳಗಿದ್ದ ಬೋರಯ್ಯ ಎರಡನ್ನೂ ಬಿಡಿಸಿ, ಪರದೆಯ ಮೇಲೆ ರಾಣಿಯ ಹೆಸರನ್ನೂ ಬರಿಸಿದ್ದ. ದೊರೆ ಮಲ್ಲರಸ, “ಎಲ್ಲಿ, ಪ್ಲಗ್ ಕಿತ್ತು ಮತ್ತೆ ಹಚ್ಚು ನೋಡೋಣ” ಎಂದ. ಹಚ್ಚಿದರೆ ಹೆಸರು ಮಾಯ! “ತಪ್ಪಾಯ್ತು ಬುದ್ಧಿ, ಇನ್ನೊಂದ್ಸಲ ನೋಡ್ತೀನಿ” ಎಂದು ಬೋರಯ್ಯ ಕೈಮುಗಿದ. ದೊರೆ ಕೇಳಲಿಲ್ಲ. ಕಣ್ಕಟ್ಟು ಮಾಡಿದ ಮೋಸಗಾರನೆಂದು ತಲೆ ತೆಗೆಸಿದ. ಅಂದಿನಿಂದ ಊರಿನವರ ಬಾಯಲ್ಲೂ ಅವನು ಮೋಸಗಾರನೇ.

“ಬೇಡ ಕಣೋ ಮಗಾ,” ತಾಯಿ ಗಿರಿಯವ್ವ ಓಬಳನ ಅಂಗಿ ಹಿಡಿದೆಳೆದಳು. “ಇರೋನು ನೀನೊಬ್ಬ.”

“ಅಣ್ಣ ಮೋಸಗಾರ ಅಲ್ಲ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಇನ್ಯಾರಿಗೆ ಗೊತ್ತವ್ವ?” ಎಂದು ಅಂಗಿ ಬಿಡಿಸಿಕೊಂಡು ಓಬಳ ನಡೆದ.

ಆ ಕಂಪ್ಯೂಟರಿನೊಳಗೆ ಇದ್ದದ್ದು ಎರಡು ಆಪರೇಟಿಂಗ್ ಸಿಸ್ಟಮ್. ಒಂದು ದೊರೆಯ ದರ್ಬಾರಿನ ಕೆಲಸಕ್ಕೆ, ಇನ್ನೊಂದು ರಾಣಿಯ ಸ್ವಂತಕ್ಕೆ. ಹಚ್ಚಿದೊಡನೆ ಇಬ್ಬರ ಹೆಸರೂ ಬರುತ್ತಿತ್ತು, ಬೇಕಾದ್ದನ್ನು ಒತ್ತಿದರಾಯಿತು. ಬಾಣಂತನದಲ್ಲೇ ಹಾಸಿಗೆ ಹಿಡಿದ ರಾಣಿ, ತಾನು ಉಳಿಯುವವಳಲ್ಲ ಎಂದು ತಿಳಿದು, ತೊಟ್ಟಿಲಲ್ಲಿದ್ದ ಮಗಳಿಗಾಗಿ ಜೋಗುಳಗಳನ್ನು ತನ್ನ ಕಡೆಯ ಸಿಸ್ಟಮ್ಮಿನಲ್ಲಿ ಹಾಡಿಟ್ಟು ಕಣ್ಣುಮುಚ್ಚಿದಳು. ಆಮೇಲೊಮ್ಮೆ ದೊರೆ ತನ್ನ ಕಡೆಯದನ್ನು ಹೊಸದು ಮಾಡಿಸಿದ. ಅವತ್ತಿನಿಂದ ರಾಣಿಯ ಹೆಸರೇ ಇಲ್ಲ. ಮಗಳು ಕಂಚಲೆ ಬೆಳೆದು ದೊಡ್ಡವಳಾದರೂ ತಾಯಿಯ ದನಿ ಹೇಗಿತ್ತೆಂದು ಅರಿಯಳು. ದೊರೆಗೂ ದುಃಖವೇ. ಆದರೆ ದೊರೆಗಳ ದುಃಖಕ್ಕೆ ಕೈಯಲ್ಲಿ ಕತ್ತಿ ಇರುತ್ತದೆ, ಅದೇ ತೊಂದರೆ.

ದರ್ಬಾರಿನಲ್ಲಿ ಓಬಳನಿಗಿಂತ ಮುಂದೆ ಇಬ್ಬರು ನಿಂತಿದ್ದರು. ಕಂಚಲೆ ಮೊದಲನೆಯವನನ್ನು, ನೆರೆರಾಜ್ಯದ ಯುವರಾಜನನ್ನು, ಕೇಳಿದಳು: “ಒಂದೇ ಮನೆಗೆ ಒಡೆಯನೂ ಒಡತಿಯೂ ಇದ್ದಾರೆ. ಬಾಗಿಲಲ್ಲಿ ನಿಂತವನು ಬಂದವರನ್ನೆಲ್ಲ ಒಡೆಯನ ಕಡೆಗೇ ಕಳಿಸುತ್ತಾನೆ, ಒಡತಿಯೇ ಇಲ್ಲ ಅನ್ನುತ್ತಾನೆ. ಒಡತಿ ಎಲ್ಲಿ?”

“ಒಡತಿ ಅಳಿದುಹೋದಳು. ಮನೆಯನ್ನೇ ಅಳಿಸಿ ಹೊಸದಾಗಿ ಕಟ್ಟಬೇಕು” ಎಂದ ಯುವರಾಜ. ಅವನನ್ನು ತಲೆದಂಡಕ್ಕೆ ಎಳೆದೊಯ್ದರು.

ಎರಡನೆಯವನು ಸರದಾರನ ಮಗ. ಮೊದಲನೆಯ ಒಗಟನ್ನು ಹೇಗೋ ದಾಟಿದ. ಕಂಚಲೆ ಮುಂದಿನದನ್ನು ಹಾಕಿದಳು: “ಒಬ್ಬ ‘ಮಲಗಿದ್ದೇನೆ’ ಅನ್ನುತ್ತಾನೆ, ಉಗ್ರಾಣದ ಕೀಲಿಕೈಯನ್ನು ಮಾತ್ರ ಮುಷ್ಟಿಯಿಂದ ಬಿಡುವುದಿಲ್ಲ. ಅವನಾರು, ಉಗ್ರಾಣ ತೆರೆಯುವುದು ಹೇಗೆ?”

“ಕಳ್ಳ! ಬೀಗ ಒಡೆಯಬೇಕು!” ಎಂದ. ಅವನ ಕೂಗೂ ಬಾಗಿಲಾಚೆ ಅಡಗಿತು.

ಓಬಳ ಸೊಂಟದ ಗಂಟನ್ನೊಮ್ಮೆ ಮುಟ್ಟಿ ನೋಡಿಕೊಂಡು ಮುಂದೆ ಬಂದ. ಅವನೇನು ಧೀರನಲ್ಲ.

“ತಾಯಿ, ಒಡತಿ ಒಳಗೇ ಇದ್ದಾರೆ,” ಎಂದ. “ಬುದ್ಧಿಯವರ ಕಡೇದನ್ನ ಹೊಸದು ಮಾಡಿದಾಗ ಬಾಗಿಲಲ್ಲಿ ಹೊಸ ಆಳು ಬಂದ. ಅವನಿಗೆ ಅವನ ಒಡೆಯ ಮಾತ್ರ ಗೊತ್ತು. ಬೂಟ್ ಲೋಡರ್ ಅಂತಾರೆ ಅವನಿಗೆ. ಇಬ್ಬರನ್ನೂ ಬಲ್ಲ ಹಳೆಯವನನ್ನ ತಂದು ನಿಲ್ಲಿಸಿದರಾಯ್ತು. ಕೀಲಿಕೈ ಹಿಡ್ಕೊಂಡೋನು ಬುದ್ಧಿಯವರ ಸಿಸ್ಟಮ್ಮು. ಬೇಗ ಏಳೋ ಆಸೆಗೆ ಅದು ಅರೆನಿದ್ದೇಲೇ ಇರುತ್ತೆ. ಹಾಡಿರೋ ಉಗ್ರಾಣ ಇಬ್ಬರದೂ, ಹಾಡು ಬಿಚ್ಚೋದು ಮಾತ್ರ ಅಮ್ಮನವರ ಕಡೆಯಿಂದಲೇ. ಬುದ್ಧಿಯವರದು ಪೂರ್ತಿ ಆರದೆ ಅಮ್ಮನವರ ಕಡೆಗೆ ಕೀಲಿಕೈ ಬಿಡಲ್ಲ. ಇವೆರಡೂ ನಮ್ಮಣ್ಣ ಬೋರಯ್ಯ ಕಲಿಸಿದ್ದು.”

ದೊರೆಯ ಹುಬ್ಬು ಗಂಟಾಯಿತು. ಕಂಚಲೆಯ ದನಿ ಸಣ್ಣದಾಯಿತು. “ಮೂರನೆಯದನ್ನು ನಿಮ್ಮಣ್ಣ ಹೋದ ಮೇಲೆ ಹೊಸೆದೆ. ಆವತ್ತು ಅಮ್ಮನ ಹೆಸರನ್ನು ನಾನೂ ಕಂಡೆ. ದಾರಿ ಹೇಳಿಕೊಟ್ಟರೆ ಆ ಮನೆ ಕಲಿಯುತ್ತದೆ. ಪ್ಲಗ್ ಕಿತ್ತರೆ ಕಲಿತದ್ದನ್ನೂ ತಾರೀಖನ್ನೂ ಮರೆಯುತ್ತದೆ. ಯಾಕೆ?”

ಓಬಳ ಸೊಂಟದ ಗಂಟು ಬಿಚ್ಚಿ ನಾಣ್ಯದಷ್ಟಗಲದ ಒಂದು ಸೆಲ್ಲನ್ನು ಅಂಗೈಯಲ್ಲಿ ಹಿಡಿದ. “ಇದಕ್ಕೆ ತಾಯಿ. ಕರೆಂಟು ಇಲ್ಲದಾಗ ನೆನಪು ಕಾಯೋದು ಒಳಗಿರೋ ಇಂಥದೇ ಸೆಲ್ಲು. ಅದು ಸತ್ತಿದೆ. ಯಾವ ಗಡಿಯಾರದ ಅಂಗಡೀಲಾದರೂ ಸಿಗುತ್ತೆ. ನಮ್ಮಣ್ಣ ಮಾಡಿದ್ದು ಸರಿಯಾಗೇ ಇತ್ತು. ಇನ್ನೊಂದ್ಸಲ ನೋಡಿದ್ದರೆ ಅವನಿಗೇ ಹೊಳೀತಿತ್ತು.”

ಸೆಲ್ಲು ಹಾಕಿದ, ಬಾಗಿಲಿಗೆ ಹಳೆಯ ಆಳನ್ನು ತಂದು ನಿಲ್ಲಿಸಿದ, ದೊರೆಯ ಸಿಸ್ಟಮ್ಮನ್ನು ಪೂರ್ತಿ ಆರಿಸಿದ. ಪ್ಲಗ್ ಕಿತ್ತು ಮತ್ತೆ ಹಚ್ಚಿದ. ರಾಣಿಯ ಹೆಸರು ಅಲ್ಲೇ ಇತ್ತು.

ಕಂಚಲೆ ಒತ್ತಿದಳು. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಸೋತ ದನಿಯ ಜೋಗುಳ. ನಡುವೆ ಸಾಲು ತಪ್ಪಿತು. ರಾಣಿ ನಕ್ಕು, “ತಪ್ಪಾಯ್ತು ಕಂದಾ, ಇನ್ನೊಂದ್ಸಲ ಹಾಡ್ತೀನಿ” ಎಂದಳು.

ಮಲ್ಲರಸ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇದೇ ಮಾತನ್ನು ಅವನು ಇದೇ ಜಾಗದಲ್ಲಿ ಬೇರೆ ಬಾಯಿಂದ ಕೇಳಿದ್ದ. ಕೈ ತೆಗೆದು ಓಬಳನ ಕಡೆ ತಿರುಗಿ, “ಏನು ಬೇಕೋ ಕೇಳಪ್ಪ” ಎಂದ.

“ಇದನ್ನಾದರೆ ಆರಿಸಿ ಮತ್ತೆ ಹಚ್ಚಬಹುದು ಬುದ್ಧಿ. ನಮ್ಮಣ್ಣನ್ನ?”

ಮಲ್ಲರಸ ಸೊಂಟದ ಕತ್ತಿ ಬಿಚ್ಚಿ ನೆಲಕ್ಕಿಟ್ಟ.

ತಲೆದಂಡ ಅಂದೇ ನಿಂತಿತು. ಅರ್ಧ ರಾಜ್ಯ ಓಬಳನ ಹೆಸರಿಗೆ ಬಂತು. ಮದುವೆಯ ಮಾತನ್ನು ಅವನೂ ಎತ್ತಲಿಲ್ಲ, ಕಂಚಲೆಯೂ ಎತ್ತಲಿಲ್ಲ. ಓಬಳ ಬಾಯಿಬಿಟ್ಟು ಬೇಡಿದ್ದು ಒಂದು ಡಂಗುರವನ್ನು ಮಾತ್ರ. ಎಲ್ಲರೂ ಸುಖವಾಗಿದ್ದರು ಎಂದು ಕತೆ ಮುಗಿಸೋಣವೆಂದರೆ ನನಗೆ ನಾಲಿಗೆ ಏಳುವುದಿಲ್ಲ. ಸಂಜೆ ಗಿರಿಯವ್ವನ ಬಾಗಿಲ ಮುಂದೆ ತಮಟೆ ಸದ್ದಾಯಿತು.

“ಕೇಳ್ರಪ್ಪೋ ಕೇಳಿ! ಬೋರಯ್ಯ ಮೋಸಗಾರನಲ್ಲ!”

ಗಿರಿಯವ್ವ ಹೊಸ್ತಿಲು ಹಿಡಿದು ಕೂತಳು. ತಮಟೆಯವನು ಮುಂದಿನ ಬೀದಿಗೆ ತಿರುಗುವಾಗ ಕೈ ಚಾಚಿ ಕರೆದಳು.

“ಇನ್ನೊಂದ್ಸಲ ಹೇಳಪ್ಪಾ.”